ಜ್ವರ ಬಿಟ್ಟ ಮೇಲೆ ಯೋಗಕ್ಕೆ ಚಾಪೆ ಹಾಸುವುದು ಯಾವಾಗ, ಹೇಗೆ

ಜ್ವರ ಬಿಟ್ಟು ನಾಲ್ಕು ದಿನವಾಗಿರುತ್ತದೆ. ಗಂಜಿ ಹೋಗಿ ಅನ್ನ, ಸಾರು ಬಂದಿದೆ. ಬಾಯಿರುಚಿಯೂ ಅಷ್ಟಿಷ್ಟು ತಿರುಗಿದೆ. ಆದರೆ ಬಚ್ಚಲಲ್ಲಿ ನಾಲ್ಕು ಚೆಂಬು ಬಿಸಿನೀರು ಹೊಯ್ದುಕೊಂಡು ಜಗಲಿಗೆ ಬರುವಷ್ಟರಲ್ಲಿ ಬಾಗಿಲ ದಾರಂದ ಹಿಡಿದು ನಿಲ್ಲಬೇಕು. ಕಣ್ಣು ಕತ್ತಲೆ, ಮಂಡಿಯಲ್ಲಿ ನಡುಕ, ಎದೆ ಡವಡವ. ಮಲೆನಾಡಿನ ಮನೆಗಳಿಗೆ ಇದು ಹೊಸ ಚಿತ್ರವಲ್ಲ. ಮಳೆಗಾಲಕ್ಕೆ ಡೆಂಗಿ, ಚಿಕುನ್‌ಗುನ್ಯ, ಗದ್ದೆ ನೀರಿನಿಂದ ಬರುವ ಇಲಿಜ್ವರ. ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆ. ಜ್ವರಕ್ಕೆ ಆಸ್ಪತ್ರೆಯಿದೆ, ಔಷಧಿಯಿದೆ. ಜ್ವರ ಬಿಟ್ಟ ನಂತರದ ಮೂರು ನಾಲ್ಕು ವಾರ ಏನು ಮಾಡಬೇಕೆಂದು ಕೇಳಿದರೆ ಮಾತ್ರ "ರೆಸ್ಟ್ ಮಾಡಿ" ಎನ್ನುವುದರ ಆಚೆಗೆ ಉತ್ತರ ಸಿಗುವುದು ಕಡಿಮೆ. ಯೋಗಕ್ಕೆ ನಿಜವಾದ ಕೆಲಸವಿರುವುದು ಈ ನಡುವಿನ ದಿನಗಳಲ್ಲಿ.

ಯಾವ ಆಸನವೂ ವೈರಸ್ಸನ್ನು ಕೊಲ್ಲುವುದಿಲ್ಲ, ಯಾವ ಪ್ರಾಣಾಯಾಮವೂ ಪ್ಲೇಟ್‌ಲೆಟ್ ಏರಿಸುವುದಿಲ್ಲ. ಯೋಗಕ್ಕೆ ಬರುವ ಒಂಬತ್ತು ಅಡ್ಡಿಗಳನ್ನು ಪತಂಜಲಿ ಎಣಿಸುವಾಗ ಎಲ್ಲಕ್ಕಿಂತ ಮೊದಲು ಇಟ್ಟದ್ದು ವ್ಯಾಧಿಯನ್ನೇ. ಮೈಯಲ್ಲಿ ರೋಗವಿರುವಾಗ ಯೋಗ ಸಾಗದು ಎಂಬುದು ಆಗಲೇ ಗೊತ್ತಿದ್ದ ಸಂಗತಿ. "ಜ್ವರದಲ್ಲೇ ಮಾಡಿ, ವಿಷವೆಲ್ಲ ಬೆವರಾಗಿ ಹೋಗುತ್ತದೆ" ಎಂದು ಮೊಬೈಲಿನಲ್ಲಿ ಬರುವ ಉಪದೇಶಕ್ಕೆ ಕಿವಿಗೊಡಬೇಡಿ. ಮೈಶಾಖ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ನಿಮಿಷಕ್ಕೆ ಹತ್ತರ ಹತ್ತಿರ ಏರುತ್ತದೆ. ಮಲಗಿದ್ದಾಗಲೇ ಹೃದಯ ಓಡುತ್ತಿರುತ್ತದೆ. ಅದರ ಮೇಲೆ ಸೂರ್ಯನಮಸ್ಕಾರವನ್ನೂ ಹೇರಿದರೆ ಆಗುವುದು ಏನೆಂದು ಬೇರೆ ಹೇಳಬೇಕಿಲ್ಲ.

ಮಲಗಿದ ಮೈಯಲ್ಲಿ ಏನಾಗಿರುತ್ತದೆ

ವಯಸ್ಸಾದವರು ಹತ್ತು ದಿನ ಹಾಸಿಗೆ ಬಿಟ್ಟೇಳದಿದ್ದರೆ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಸ್ನಾಯು ಕರಗಿಹೋಗುತ್ತದೆ. ಕರಗುವುದು ತೊಡೆ, ಸೊಂಟ, ಮೀನಖಂಡಗಳಲ್ಲಿ, ಅಂದರೆ ನಮ್ಮನ್ನು ಎತ್ತಿ ನಿಲ್ಲಿಸುವ ಕಡೆಯಲ್ಲೇ. ಬಚ್ಚಲಿಂದ ಬರುವಾಗ ಮಂಡಿ ನಡುಗುವುದಕ್ಕೆ ಇದು ಕಾರಣ.

ಕಣ್ಣು ಕತ್ತಲೆ ಬರುವ ಕಾರಣ ಬೇರೆ. ನಾವು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ಆರೋಗ್ಯವಾಗಿರುವವರಲ್ಲಿ ರಕ್ತನಾಳಗಳು ತಕ್ಷಣ ಬಿಗಿದುಕೊಂಡು ತಲೆಗೆ ಬೇಕಾದಷ್ಟನ್ನು ಮೇಲೆ ಉಳಿಸಿಕೊಳ್ಳುತ್ತವೆ. ದಿನಗಟ್ಟಲೆ ಮಲಗಿದ ಮೈಗೆ ಈ ಅಭ್ಯಾಸ ತಪ್ಪಿಹೋಗಿರುತ್ತದೆ, ಬೆವರಿ ಬೆವರಿ ನೀರೂ ಕಡಿಮೆಯಾಗಿರುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿ.ಪಿ. 20 ಅಂಕ ಅಥವಾ ಕೆಳಗಿನದು 10 ಅಂಕ ಇಳಿದರೆ ವೈದ್ಯರು ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಬಿ.ಪಿ. ಮಿಷನ್ ಇದ್ದರೆ ಮಲಗಿದ್ದಾಗ ಒಮ್ಮೆ, ನಿಂತು ಎರಡು ನಿಮಿಷಕ್ಕೆ ಇನ್ನೊಮ್ಮೆ ನೋಡಿಕೊಳ್ಳಿ.

ಇನ್ನು ಉಸಿರಿನ ಲೆಕ್ಕ. ಇದನ್ನು ಅರ್ಥ ಮಾಡಿಕೊಂಡರೆ ಪ್ರಾಣಾಯಾಮದ ಅರ್ಧ ಗುಟ್ಟು ತಿಳಿದಂತೆ. ನಾವು ಒಳಗೆಳೆದ ಗಾಳಿಯಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳದಲ್ಲೇ ನಿಂತು ಹಾಗೇ ಹೊರಗೆ ಹೋಗುತ್ತದೆ; ರಕ್ತಕ್ಕೆ ಅದರಿಂದ ಏನೂ ಸಿಗುವುದಿಲ್ಲ. ಜ್ವರದಿಂದ ಎದ್ದವರು ಎದೆಯ ಮೇಲ್ಭಾಗದಲ್ಲೇ ಚಿಕ್ಕಚಿಕ್ಕ ಉಸಿರು ತೆಗೆಯುತ್ತಾರೆ. ನಿಮಿಷಕ್ಕೆ 24 ಸಲ, ಸಲಕ್ಕೆ 300 ಮಿಲಿ ಎಂದುಕೊಳ್ಳಿ. ಒಟ್ಟು 7,200 ಮಿಲಿ ಆಯಿತು. ಪ್ರತಿ ಉಸಿರಿಗೂ 150 ಕಳೆದರೆ ಶ್ವಾಸಕೋಶದ ಒಳಕ್ಕೆ ಮುಟ್ಟುವುದು 3,600 ಮಾತ್ರ. ಅಷ್ಟೇ 7,200 ಮಿಲಿಯನ್ನು ಹತ್ತು ಉಸಿರಿನಲ್ಲಿ, ಸಲಕ್ಕೆ 720ರಂತೆ ಎಳೆದರೆ ಮುಟ್ಟುವುದು 5,700. ಗಾಳಿ ಅಷ್ಟೇ, ದಕ್ಕಿದ್ದು ಒಂದೂವರೆ ಪಟ್ಟಿಗೂ ಹೆಚ್ಚು. ನಿಧಾನದ, ಹೊಟ್ಟೆಯವರೆಗಿನ ಉಸಿರಿಗೆ ಬೆಲೆ ಬಂದಿರುವುದು ಇದರಿಂದ, ಗಾಳಿಯಲ್ಲಿ ಬೇರೇನೋ ಶಕ್ತಿ ಸೇರಿಕೊಳ್ಳುತ್ತದೆ ಎಂದಲ್ಲ.

ಯಾವ ಜ್ವರಕ್ಕೆ ಎಷ್ಟು ಕಾಯಬೇಕು

ಎಲ್ಲ ಜ್ವರಕ್ಕೂ ಒಂದೇ ಗಡುವು ಹಾಕುವುದು ತಪ್ಪು. ಎಲ್ಲದಕ್ಕೂ ಅನ್ವಯಿಸುವ ಕನಿಷ್ಠ ನಿಯಮ ಒಂದಿದೆ: ಮಾತ್ರೆಯ ನೆರವಿಲ್ಲದೆ 48 ಗಂಟೆ ಜ್ವರ ಇಲ್ಲದಿರಬೇಕು. ಅದರ ಮೇಲೆ ಒಂದೊಂದರ ಗುಣವೇ ಬೇರೆ.

ಮೋಸ ಮಾಡುವುದು ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲಾಗಿ ಸತ್ತಾಗ ಗುರುತಿಗೆ ಬಂದ ಈ ಕಾಯಿಲೆ ಉಣುಗು ಕಚ್ಚಿ ಬರುತ್ತದೆ. ದರಕು (ಒಣಗಿದ ಎಲೆ) ತರಲು, ಸೌದೆಗೆ, ದನ ಮೇಯಿಸಲು ಕಾಡಿಗೆ ಹೋದವರಿಗೇ ಹೆಚ್ಚು. ಜ್ವರ ಬಿಟ್ಟು, ಊಟ ಸೇರಿ, "ಇನ್ನೇನು ಆರಾಮಾಯ್ತು" ಎಂದ ಒಂದೆರಡು ವಾರಕ್ಕೆ ಹತ್ತರಲ್ಲಿ ಒಬ್ಬಿಬ್ಬರಿಗೆ ಜ್ವರ ಎರಡನೇ ಸುತ್ತು ಬರುತ್ತದೆ. ಆಗ ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ಕೈನಡುಕ, ಕಣ್ಣು ಮಂಜಾಗುವುದು ಇರುತ್ತದೆ. ಈ ಕುತ್ತಿಗೆ ಬಿಗಿತವನ್ನು ಮಲಗಿ ಮಲಗಿ ಹಿಡಿದುಕೊಂಡದ್ದು ಎಂದು ತಿಳಿದು ಕುತ್ತಿಗೆ ತಿರುಗಿಸುವ ವ್ಯಾಯಾಮ ಮಾಡಿಸುವುದು ಅಪಾಯಕಾರಿ ತಪ್ಪು. ಅದಕ್ಕೆ ಆಸ್ಪತ್ರೆಯೇ ದಾರಿ. ಹಾಗಾಗಿ ಮಂಗನ ಕಾಯಿಲೆಯವರು ಜ್ವರ ಬಿಟ್ಟ ಮೂರು ವಾರ ಮಲಗಿ ಮಾಡುವ ಉಸಿರಾಟ, ಕೈಕಾಲು ಆಡಿಸುವುದು, ಅಂಗಳದಲ್ಲಿ ನಾಲ್ಕು ಹೆಜ್ಜೆ ಇಷ್ಟರಲ್ಲೇ ಇರುವುದು ಒಳ್ಳೆಯದು.

ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಗಂಡಾಂತರದ ಹೊತ್ತು. ಜ್ವರ ಬಿಟ್ಟ ಸುಮಾರು ಎರಡು ದಿನ ಬಿ.ಪಿ. ಕುಸಿಯುವ, ರಕ್ತಸ್ರಾವವಾಗುವ ಸಾಧ್ಯತೆ ಹೆಚ್ಚು. ಪ್ಲೇಟ್‌ಲೆಟ್ ಒಂದು ಲಕ್ಷ ದಾಟಿ ಏರುತ್ತಿದೆ ಎಂದು ವೈದ್ಯರು ಹೇಳುವ ತನಕ ತಲೆ ಕೆಳಗಾಗುವ, ತಿಣುಕುವ, ಬೀಳುವ ಭಯವಿರುವ ಯಾವುದೂ ಬೇಡ. ಇಲಿಜ್ವರದಲ್ಲಿ ಮೀನಖಂಡದ ನೋವು ವಿಶೇಷ. ಅದನ್ನು ಎಳೆದು ಸಡಿಲಿಸುತ್ತೇನೆಂದು ಕಾಲು ನೀಡಿ ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನಕ್ಕೆ ಕೂತರೆ ನೋವು ಇಮ್ಮಡಿ. ಚಿಕುನ್‌ಗುನ್ಯ ಬಂದವರಿಗೆ ಮಣಿಕಟ್ಟು, ಬೆರಳುಗಂಟು, ಹಿಮ್ಮಡಿ ತಿಂಗಳುಗಟ್ಟಲೆ ಹಿಡಿದುಕೊಂಡಿರುತ್ತವೆ. ಅಂಗೈ ಊರಿ ಮೈಭಾರ ಹೊರುವ ಆಸನಗಳನ್ನು ನೋವು ಪೂರ್ತಿ ಹೋಗುವ ತನಕ ಪಟ್ಟಿಯಿಂದಲೇ ತೆಗೆಯಿರಿ. ಟೈಫಾಯ್ಡ್ ಆದವರ ಕರುಳಿನ ಗೋಡೆ ಹುಣ್ಣಾಗಿ ತೆಳುವಾಗಿರುತ್ತದೆ. ಪವನಮುಕ್ತಾಸನ, ಧನುರಾಸನ, ಕಪಾಲಭಾತಿಯಂಥ ಹೊಟ್ಟೆ ಒತ್ತುವಂಥವು ತಿಂಗಳೊಪ್ಪತ್ತು ದೂರವಿರಲಿ.

ಮೊದಲ ವಾರ: ಬೆನ್ನು ನೆಲ ಬಿಡುವುದಿಲ್ಲ

ಮಳೆಗಾಲದಲ್ಲಿ ಮಲೆನಾಡಿನ ಗಾರೆ ನೆಲ, ಕಾವಿ ನೆಲ ಬೆವರುತ್ತದೆ. ಬರಿ ಚಾಪೆ ಹಾಸಿದರೆ ಅರ್ಧ ಗಂಟೆಯಲ್ಲಿ ಬೆನ್ನು ತಣ್ಣಗಾಗಿ ಸ್ನಾಯು ಬಿಗಿಯುತ್ತದೆ. ಕೆಳಗೆ ಚಾಪೆ, ಅದರ ಮೇಲೆ ಎರಡು ಮಡಿಕೆ ಕಂಬಳಿ, ಮೇಲೊಂದು ಹತ್ತಿಯ ಪಂಚೆ ಇರಲಿ. ಅಂಗಡಿಯಲ್ಲಿ ಸಿಗುವ ರಬ್ಬರ್ ಮ್ಯಾಟು ಜಾರದಿರುವುದಕ್ಕೆ ಸರಿ, ಥಂಡಿ ತಡೆಯುವುದಕ್ಕೆ ಕಂಬಳಿಯೇ ಮೇಲು. ಬಚ್ಚಲೊಲೆಯ ಹೊಗೆ ಬರುವ ಕೋಣೆ, ಬೂಷ್ಟು ಹಿಡಿದ ಮೂಲೆ, ಸೊಳ್ಳೆಬತ್ತಿ ಹಚ್ಚಿದ ಜಾಗ ಬೇಡ. ಉಬ್ಬಸ ಇರುವವರ ಮಟ್ಟಿಗೆ ಈ ಜಾಗದ ಆಯ್ಕೆ ಪ್ರಾಣಾಯಾಮದಷ್ಟೇ ಮುಖ್ಯ.

ಊಟವಾಗಿ ಮೂರು ಗಂಟೆ, ಕಾಫಿ ಅಥವಾ ಗಂಜಿಯಾಗಿ ಒಂದು ಗಂಟೆ ಕಳೆದಿರಲಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೆಳಗಿನ ಖಾಲಿ ಹೊಟ್ಟೆಯ ನಿಯಮ ಅನ್ವಯಿಸದು. ಕಾಯಿಲೆಯಲ್ಲಿ ಊಟ ಕಡಿಮೆಯಾಗಿರುವಾಗ ಸಕ್ಕರೆ ಥಟ್ಟನೆ ಇಳಿಯಬಹುದು. ಅರ್ಧ ಬಾಳೆಹಣ್ಣು ತಿಂದೇ ಚಾಪೆಗೆ ಬನ್ನಿ.

ಅಂಗಾತ ಮಲಗಿ, ಮಂಡಿ ಮಡಿಸಿ, ಪಾದಗಳನ್ನು ಸೊಂಟದಷ್ಟು ಅಗಲಕ್ಕೆ ಊರಿ. ಅರ್ಧ ಕಿಲೋ ಅಕ್ಕಿಯನ್ನು ಬಟ್ಟೆಯಲ್ಲಿ ಸಡಿಲವಾಗಿ ಗಂಟುಕಟ್ಟಿ ಹೊಕ್ಕುಳ ಮೇಲೆ ಇಟ್ಟುಕೊಳ್ಳಿ, ಒಂದು ಕೈ ಎದೆಯ ಮೇಲಿರಲಿ. ಮೂಗಿನಿಂದ ಮೂರು ಎಣಿಸುವಷ್ಟು ಹೊತ್ತು ಉಸಿರು ಒಳಗೆ: ಗಂಟು ಮೇಲೇಳಬೇಕು, ಎದೆಯ ಮೇಲಿನ ಕೈ ಅಲುಗಬಾರದು. ಐದು ಎಣಿಸುವಷ್ಟು ಹೊತ್ತು ಹೊರಗೆ: ಗಂಟು ತಾನಾಗಿ ಇಳಿಯಬೇಕು, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬಾರದು. ಹತ್ತು ಉಸಿರು, ಒಂದು ನಿಮಿಷ ಸುಮ್ಮನಿರುವುದು, ಮತ್ತೆ ಹತ್ತು. ದಿನಕ್ಕೆ ಮೂರು ಹೊತ್ತು. ಐದರ ಎಣಿಕೆ ಮುಗಿಯುವ ಮೊದಲೇ ಉಸಿರಿಗಾಗಿ ಚಡಪಡಿಸುವಂತಾದರೆ ಎರಡು–ಮೂರಕ್ಕೆ ಇಳಿಸಿ. ಸಂಖ್ಯೆ ಎಷ್ಟಾದರೂ ಇರಲಿ, ಹೊರಗೆ ಬಿಡುವುದು ಒಳಗೆಳೆಯುವುದಕ್ಕಿಂತ ಉದ್ದವಿರಬೇಕು. ಉಸಿರು ಬಿಡುವಾಗ ಹೃದಯದ ಬಡಿತ ನಿಧಾನವಾಗುತ್ತದೆ, ಎಳೆಯುವಾಗ ಚುರುಕಾಗುತ್ತದೆ. ಬಿಡುವ ಹೊತ್ತು ಉದ್ದವಾದಷ್ಟೂ ಮೈ ಸಮಾಧಾನಕ್ಕೆ ಬರುತ್ತದೆ. ರಾತ್ರಿ ನಿದ್ದೆ ಹತ್ತದೆ ಹೊರಳಾಡುವವರಿಗೆ ಮೂರನೇ ಹೊತ್ತಿನದು ಹಾಸಿಗೆಯಲ್ಲೇ ಆಗಲಿ.

ನಂತರ ಕಾಲು ನೀಡಿ ಪಾದವನ್ನು ಮುಂದಕ್ಕೆ, ಹಿಂದಕ್ಕೆ ಇಪ್ಪತ್ತು ಸಲ ಆಡಿಸಿ. ನೋಡಲು ಏನೇನೂ ಅಲ್ಲದ ಈ ಕೆಲಸವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಆದರೆ ಮೀನಖಂಡ ಹಿಂಡಿದಾಗಲೇ ಕಾಲಿನ ರಕ್ತ ಮೇಲೇರುವುದು. ಎದ್ದಾಗ ಕಣ್ಣು ಕತ್ತಲೆ ಬರದಂತೆ ನೋಡಿಕೊಳ್ಳುವುದು ಇದೇ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ತಿಕ್ಕಬೇಡಿ, ಆಡಿಸಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ವೈದ್ಯರಿಗೆ ತೋರಿಸಿ.

ಆಮೇಲೆ ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿಕೊಂಡೇ ಮಂಡಿ ಮಡಿಸಿ ಬಿಡಿಸುವುದು ಕಾಲಿಗೆ ಐದೈದು. ಉಸಿರೆಳೆಯುತ್ತಾ ಎರಡೂ ತೋಳು ತಲೆಯ ಹಿಂದಕ್ಕೆ, ಬಿಡುತ್ತಾ ಪಕ್ಕಕ್ಕೆ, ಐದು ಸಲ. ನಾಲ್ಕನೇ ದಿನದಿಂದ ಅರ್ಧ ಸೇತುಬಂಧ: ಮಂಡಿ ಮಡಿಸಿಕೊಂಡು, ಉಸಿರು ಬಿಡುತ್ತಾ ಸೊಂಟವನ್ನು ನಾಲ್ಕು ಬೆರಳಷ್ಟು ಎತ್ತಿ, ಒಂದು ಉಸಿರಾಡುವಷ್ಟು ಹೊತ್ತು ಅಲ್ಲೇ ಇಟ್ಟು, ಇಳಿಸಿ. ಮೂರು ಸಲ ಸಾಕು. ಒಂದು ಗೇಣಿನವರೆಗೆ ಎತ್ತುವುದು ಮುಂದಿನ ವಾರದ ಮಾತು.

ಏಳುವುದಕ್ಕೂ ಕ್ರಮವಿದೆ. ಪಕ್ಕಕ್ಕೆ ಹೊರಳಿ ಐದು ಉಸಿರು. ಕೈ ಊರಿ ಎದ್ದು ಕೂತು ಒಂದು ನಿಮಿಷ. ಕೂತಲ್ಲೇ ಪಾದವನ್ನು ಹತ್ತು ಸಲ ಒತ್ತಿ. ಜಗಲಿಯ ಕಂಬವನ್ನೋ ಗೋಡೆಯನ್ನೋ ಹಿಡಿದು ನಿಂತು, ಮತ್ತೆ ಐದು ಉಸಿರಾದ ಮೇಲೆ ಹೆಜ್ಜೆ. ಅಂಗಾತ ಮಲಗಿದ್ದವರು ಎದೆ ಎತ್ತಿ ನೇರವಾಗಿ ಎದ್ದುಬಿಡುವುದರಿಂದಲೇ ಹೆಚ್ಚಿನವರು ಬೀಳುವುದು.

ಎರಡನೇ ವಾರ: ಕುರ್ಚಿ, ಮಣೆ

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯ, ಟೈಫಾಯ್ಡ್, ಕ್ಷಯ ಮೂರನ್ನೂ ಕಂಡವರು. ಮುಂದೆ ಅವರು ಕುರ್ಚಿ, ಹಗ್ಗ, ಮರದ ತುಂಡು, ಮಡಿಸಿದ ಕಂಬಳಿಗಳನ್ನು ಆಸನಕ್ಕೆ ಊರೆಯಾಗಿ ಬಳಸುವ ಕ್ರಮವನ್ನು ಬೆಳೆಸಿದರು. ಊರೆ ಬಳಸಿದರೆ ಯೋಗ ಕಡಿಮೆಯಾಯಿತು ಎಂದು ನಮ್ಮಲ್ಲಿ ಇನ್ನೂ ಒಂದು ಬಿಗುಮಾನವಿದೆ, ಅದನ್ನು ಪಕ್ಕಕ್ಕಿಡಿ. ಊಟದ ಮಣೆ, ಕೈಯಿಲ್ಲದ ಗಟ್ಟಿ ಕುರ್ಚಿ, ಜಗಲಿಯ ಕಟ್ಟೆ ಇಷ್ಟಿದ್ದರೆ ಸಲಕರಣೆ ಪೂರ್ತಿ.

ಈ ವಾರದ ಮುಖ್ಯ ಅಭ್ಯಾಸ ಕುರ್ಚಿಯಿಂದ ಏಳುವುದು, ಕೂರುವುದು. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಹಿಂದೆ ಸರಿಯಬಾರದು. ತುದಿಗೆ ಬಂದು ಕೂತು, ಪಾದಗಳನ್ನು ಮಂಡಿಗಿಂತ ತುಸು ಹಿಂದಿಟ್ಟು, ಉಸಿರು ಬಿಡುತ್ತಾ ಎದ್ದು, ಎಳೆಯುತ್ತಾ ನಿಧಾನಕ್ಕೆ ಕೂರಿ. ಧೊಪ್ಪನೆ ಬೀಳದೆ, ನಾಲ್ಕು ಎಣಿಸುವಷ್ಟು ಹೊತ್ತಿನಲ್ಲಿ ಇಳಿಯಬೇಕು. ತೊಡೆಗೆ ಬಲ ಬರುವುದು ಹೆಚ್ಚಾಗಿ ಇಳಿಯುವಾಗ. ಮೊದಲ ದಿನ ಐದು. ಮೂರು ದಿನಕ್ಕೊಮ್ಮೆ ಎರಡೆರಡು ಹೆಚ್ಚಿಸಿ. ಮಂಡಿಗಳು ಒಳಗೆ ವಾಲಿ ಒಂದಕ್ಕೊಂದು ತಾಗುವಂತಾದರೆ ಸೊಂಟದ ಸ್ನಾಯು ಸೋತಿದೆ ಎಂದರ್ಥ. ಕುರ್ಚಿಯ ಮೇಲೆ ಮಣೆ ಇಟ್ಟು ಎತ್ತರ ಮಾಡಿಕೊಳ್ಳಿ.

ಕೂತಲ್ಲೇ ಬೆನ್ನನ್ನು ಗೂನು ಮಾಡಿ ನೇರ ಮಾಡುವುದು, ಪಕ್ಕಕ್ಕೆ ಬಾಗುವುದು, ಕುರ್ಚಿಯ ಬೆನ್ನು ಹಿಡಿದು ತಿರುಗುವುದು ಸೇರಿಸಿ, ಎಲ್ಲ ನಾಲ್ಕು ನಾಲ್ಕು ಸಲ. ಆಮೇಲೆ ಭ್ರಾಮರಿ, ಏಳು ಸುತ್ತು. ಬಾಯಿ ಮುಚ್ಚಿ, ಹಲ್ಲು ಕಚ್ಚದೆ, ದುಂಬಿಯಂತೆ ಗುಂಯ್ ಎನ್ನುವುದು. ಎಣಿಸುವ ಗೋಜಿಲ್ಲದೆ ಉಸಿರು ಬಿಡುವುದು ತಾನಾಗಿ ಉದ್ದವಾಗುತ್ತದೆ. ಸ್ವರ ನಡುಗಿದಲ್ಲಿ, ಒಡೆದಲ್ಲಿ ನಿಲ್ಲಿಸಿ. ಅದೇ ಆ ದಿನದ ನಿಮ್ಮ ಅಳತೆ. ಒಂದೊಂದೇ ಮೂಗಿನ ಹೊಳ್ಳೆಯಿಂದ ಸರದಿಯಂತೆ ಉಸಿರಾಡುವ ನಾಡೀಶೋಧನವನ್ನೂ ಆರು ಸುತ್ತು ಮಾಡಬಹುದು, ಆದರೆ ಕುಂಭಕವಿಲ್ಲದೆ, ಅಂದರೆ ಉಸಿರು ಕಟ್ಟಿ ಹಿಡಿಯದೆ.

ಕುಂಭಕದ ವಿಷಯದಲ್ಲಿ ಹಠಯೋಗಪ್ರದೀಪಿಕೆ ಹೇಳುವ ಹೋಲಿಕೆಯೊಂದು ಶಿವಮೊಗ್ಗದವರಿಗೆ ಚೆನ್ನಾಗಿ ಅರ್ಥವಾದೀತು. ಸಿಂಹ, ಆನೆ, ಹುಲಿಯನ್ನು ಪಳಗಿಸುವಂತೆ ಉಸಿರನ್ನೂ ಮೆಲ್ಲಮೆಲ್ಲಗೆ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎನ್ನುತ್ತದೆ ಆ ಗ್ರಂಥ. ಸಕ್ರೆಬೈಲಿನ ಬಿಡಾರದ ಮಾವುತರನ್ನು ಕೇಳಿ, ಹೊಸ ಆನೆಯ ಹತ್ತಿರ ಅವಸರ ಮಾಡಿದರೆ ಏನಾಗುತ್ತದೆಂದು ಅವರು ಹೇಳಿಯಾರು. ಉಸಿರು ಕಟ್ಟಿ ತಿಣುಕಿದಾಗ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಸೋತ ಮೈಗೆ ತಲೆ ಸುತ್ತು ಬರಲು ಅಷ್ಟು ಸಾಕು. ಕಪಾಲಭಾತಿ, ಭಸ್ತ್ರಿಕದ ತೊಂದರೆ ಇನ್ನೊಂದು ಬಗೆಯದು. ವೇಗವಾಗಿ ಉಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕುಸಿದು ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಬಾಯಿ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು ಅದರಿಂದಲೇ. ಅದನ್ನು "ಶಕ್ತಿ ಸಂಚಾರ" ಎಂದು ಹೇಳಿಕೊಡುವ ಶಿಕ್ಷಕರಿದ್ದರೆ ಇನ್ನೊಬ್ಬರನ್ನು ಹುಡುಕಿಕೊಳ್ಳಿ.

ಮಾರನೇ ಬೆಳಿಗ್ಗೆಯ ನಾಡಿ

ಎಷ್ಟು ಮಾಡಿದರೆ ಹೆಚ್ಚಾಯಿತು? ಮಾಡುವಾಗ ಗೊತ್ತಾಗುವುದಿಲ್ಲ, ಅದೇ ಇದರ ತೊಡಕು. ಐದನೇ ದಿನ ಹುರುಪು ಬಂದು ಎಲ್ಲವನ್ನೂ ಮಾಡಿ, ಜೊತೆಗೆ ಕೊಟ್ಟಿಗೆ ಕೆಲಸವನ್ನೂ ಮುಗಿಸಿ, ಮಾರನೇ ದಿನ ಏಳಲಾಗದೆ ಮಲಗುವವರು ಬಹಳ. ಹಾಗಾಗಿ ಅಳೆಯಬೇಕಾದದ್ದು ಮರುದಿನ. ಬೆಳಿಗ್ಗೆ ಎಚ್ಚರವಾದಾಗ, ಹಾಸಿಗೆ ಬಿಡುವ ಮೊದಲು, ಹೆಬ್ಬೆರಳ ಬುಡದ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ ಕ್ಯಾಲೆಂಡರಿನ ಆ ದಿನದ ಮನೆಯಲ್ಲೇ ಬರೆದಿಡಿ. ಮೂರು ದಿನದಲ್ಲಿ ನಿಮ್ಮ ಸರಾಸರಿ ಸಿಗುತ್ತದೆ. ಅದಕ್ಕಿಂತ ಹತ್ತು ಏರಿದ್ದರೆ ಆ ದಿನ ಅರ್ಧಕ್ಕೆ ಇಳಿಸಿ. ಹದಿನೈದು ಏರಿದ್ದರೆ ಮಲಗಿ ಮಾಡುವ ಉಸಿರಾಟ ಬಿಟ್ಟು ಬೇರೇನೂ ಬೇಡ, ಥರ್ಮಾಮೀಟರನ್ನೂ ಇಟ್ಟು ನೋಡಿ. ಅಭ್ಯಾಸದ ನಡುವೆ ಬಳಸಲು ಇನ್ನೂ ಸುಲಭದ ಅಳತೆಯಿದೆ. ಒಂದು ಇಡೀ ವಾಕ್ಯವನ್ನು ತಡೆಯದೆ ಹೇಳಲಾಗದಿದ್ದರೆ ನಿಲ್ಲಿಸಬೇಕು.

ನ್ಯುಮೋನಿಯ ಆಗಿದ್ದವರು ಬೆರಳಿಗೆ ಹಾಕುವ ಆಕ್ಸಿಮೀಟರ್ ಇಟ್ಟುಕೊಳ್ಳಲಿ. ಕುರ್ಚಿಯಿಂದ ಒಂದು ನಿಮಿಷ ಎದ್ದು ಕೂತ ಮೇಲೆ ಆಮ್ಲಜನಕದ ಅಂಕ ಮೊದಲಿಗಿಂತ ಮೂರು ನಾಲ್ಕು ಇಳಿದರೆ ಮುಂದುವರಿಸಬೇಡಿ, ವೈದ್ಯರಿಗೆ ತಿಳಿಸಿ. ಇಂಥವರಿಗೆ ಮಕರಾಸನದಂತೆ ಕವುಚಿ ಮಲಗುವುದು ಹಿತ: ಶ್ವಾಸಕೋಶದ ಹಿಂಭಾಗ ಒತ್ತಡದಿಂದ ಬಿಡುಗಡೆಯಾಗಿ ಗಾಳಿ ಆಡುತ್ತದೆ. ಎದೆನೋವು, ಕೂತಲ್ಲೇ ಎದೆ ಹಾರುವುದು, ಕಪ್ಪು ಮಲ, ಒಸಡಿನಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ ಚಾಪೆ ಸುತ್ತಿಟ್ಟು ಆಸ್ಪತ್ರೆಗೆ ಹೊರಡಬೇಕು.

ನಿಂತು ಮಾಡುವುದು, ಕೊನೆಗೆ ಸೂರ್ಯನಮಸ್ಕಾರ

ಮೂರನೇ ವಾರ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಲ್ಲುವ ತಾಡಾಸನ, ಕಂಬ ಹಿಡಿದು ಒಂಟಿಕಾಲಲ್ಲಿ ನಿಲ್ಲುವ ವೃಕ್ಷಾಸನ, ಜಗಲಿಕಟ್ಟೆಗೆ ಕೈಯೂರಿ ಪಕ್ಕಕ್ಕೆ ಬಾಗುವ ತ್ರಿಕೋನಾಸನ. ಮಧ್ಯಾಹ್ನ ಐದು ನಿಮಿಷ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು ಮಲಗಿದರೆ ಕಾಲುಬಾವು ಇಳಿಯುತ್ತದೆ.

ಸೂರ್ಯನಮಸ್ಕಾರ ಎಲ್ಲಕ್ಕಿಂತ ಕೊನೆಗೆ. ಹನ್ನೆರಡು ಹಂತಗಳಲ್ಲಿ ತಲೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋಗುತ್ತಲೇ ಇರುತ್ತದೆ, ಬಿ.ಪಿ. ಇನ್ನೂ ಹದಕ್ಕೆ ಬಾರದವರನ್ನು ಕೆಡಹಲು ಇದಕ್ಕಿಂತ ಬೇರೆ ಬೇಕಿಲ್ಲ. ಜೂನ್ 21ರ ಯೋಗ ದಿನ ಬರುವುದು ನಮ್ಮಲ್ಲಿ ಮಳೆಯ ಜೊತೆಗೆ ಜ್ವರವೂ ಕಾಲಿಡುವ ಹೊತ್ತಿಗೆ. ಹಿಂದಿನ ವಾರವಷ್ಟೇ ಹಾಸಿಗೆ ಬಿಟ್ಟವರು ಫೋಟೊಕ್ಕಾಗಿ ಹನ್ನೆರಡು ಸುತ್ತು ಹಾಕುವುದು ಬೇಡ. ಮೊದಲು ಅಂಗೈಗಳನ್ನು ನೆಲದ ಬದಲು ಜಗಲಿಕಟ್ಟೆಯ ಮೇಲೆ ಊರಿ ಮಾಡಿ: ತಲೆ ಅಷ್ಟು ಕೆಳಗೆ ಹೋಗುವುದಿಲ್ಲ, ಮಣಿಕಟ್ಟಿಗೂ ಭಾರ ಕಡಿಮೆ. ದಿನಕ್ಕೆ ಒಂದು ಸುತ್ತು, ಒಂದೊಂದು ಹಂತಕ್ಕೆ ಎರಡೆರಡು ಉಸಿರು. ವಾರಕ್ಕೆ ಒಂದೇ ಸುತ್ತು ಹೆಚ್ಚಿಸಿ. ನಾಲ್ಕಕ್ಕೆ ಬಂದ ಮೇಲೆ ನೆಲಕ್ಕಿಳಿಯಬಹುದು. ಶೀರ್ಷಾಸನಕ್ಕೆ ಮಾತ್ರ ಇನ್ನೂ ತಡೆಯಿರಿ. ಅದರಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಇಮ್ಮಡಿಯಾಗುತ್ತದೆ. ಗ್ಲಾಕೋಮ (ಕಣ್ಣಿನ ಒತ್ತಡದ ಕಾಯಿಲೆ) ಇರುವವರಿಗಂತೂ ಅದು ಎಂದಿಗೂ ಬೇಡ.

ತೋಟದ ಕೆಲಸಕ್ಕೆ ಮರಳುವ ಮೊದಲು ಮನೆಯಿಂದ ತೋಟಕ್ಕೆ ಇಳಿಯುವ ದರೆಯ ಮೆಟ್ಟಿಲನ್ನೇ ಪರೀಕ್ಷೆಯಾಗಿ ಇಟ್ಟುಕೊಳ್ಳಬಹುದು. ಬರಿಗೈಯಲ್ಲಿ ಇಳಿದು, ಎಲ್ಲೂ ನಿಲ್ಲದೆ, ಮಾತಾಡುತ್ತಲೇ ಹತ್ತಿ ಬಂದು, ಮಾರನೇ ಬೆಳಿಗ್ಗೆಯ ನಾಡಿಯೂ ಏರದಿದ್ದರೆ ಕತ್ತಿ, ಬುಟ್ಟಿ ಹಿಡಿಯಬಹುದು. ಅಡಿಕೆ ಮರ ಹತ್ತುವ ಕೊನೆಗಾರರಿಗೆ ಅಷ್ಟು ಸಾಲದು. ಆಸರೆ ಇಲ್ಲದೆ ವೃಕ್ಷಾಸನದಲ್ಲಿ ಒಂದೊಂದು ಕಾಲಲ್ಲಿ ಮೂವತ್ತು ಸೆಕೆಂಡು ಅಲುಗದೆ ನಿಲ್ಲುವುದು, ಒದ್ದೆ ಪಂಚೆಯನ್ನು ಕೈ ನಡುಗದೆ ಹಿಂಡುವುದು, ಇವೆರಡೂ ಮೂರು ದಿನ ಸತತ ಆಗುವ ತನಕ ಅಡಿಕೆ ಗೊನೆ ಇಳಿಸುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ, ಅಂಗಳದಲ್ಲಿ ಕೂತು ಸುಲಿಯುವ ಕಡೆಗಿರಲಿ.